ಶಾರ್ಟೇಜ್ ಪಟ್ಟಿಯಲ್ಲಿ ಅಮ್ಮಂದಿರು

ಪ್ರತಿ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಶಾರ್ಟೇಜ್ ಪಟ್ಟಿ ಬಂದು ಬೀಳುತ್ತದೆ. ಶೇಕಡಾ 75ರಷ್ಟು ಹಾಜರಾತಿ ಇಲ್ಲದವರ ಹೆಸರು, ರಿಜಿಸ್ಟರ್ ನಂಬರು, ಯಾವ ಪೇಪರಿನಲ್ಲಿ ಎಷ್ಟು ಕಮ್ಮಿ ಎಂಬ ಲೆಕ್ಕ. ನಾವು ಒಂದೊಂದೇ ಹೆಸರು ಓದುತ್ತಾ ಹೋಗುತ್ತೇವೆ. ಇವನು ಬೆಳಗಿನ ಜಾವ ಹಾಲಿನ ವ್ಯಾನಿಗೆ ಹೋಗುತ್ತಾನೆ, ಮೊದಲನೇ ಪೀರಿಯಡ್ಡಿಗೆ ಬರಲಾಗುವುದಿಲ್ಲ, ಪಾಪ. ಇವನದು ಯೂನಿವರ್ಸಿಟಿ ಕಬಡ್ಡಿ, ಹಾಜರಾತಿ ಕೊಡೋಣ. ಇವಳಿಗೆ ಟೈಫಾಯ್ಡ್ ಆಗಿತ್ತು, ಮೆಡಿಕಲ್ ಸರ್ಟಿಫಿಕೇಟ್ ಇದೆ. ಇವನದು ಬರೀ ಓತ್ಲಾ, ಅಪ್ಪನನ್ನು ಕರೆಸಿ. ಹೀಗೆ ಪ್ರತಿ ಹೆಸರಿಗೂ ಒಂದು ಕಥೆ, ಒಂದು ವಾದ, ಕೊನೆಗೊಂದು ರಾಜಿ. ನಡುವೆ ಒಂದು ಹೆಸರು ಬರುತ್ತದೆ. "ಅವಳಿಗೆ ಮದುವೆ ಆಯ್ತಲ್ಲ, ಮಗೂನೂ ಆಗಿದೆ" ಅನ್ನುತ್ತಾರೆ ಯಾರೋ. ಪೆನ್ನು ಮುಂದಿನ ಹೆಸರಿಗೆ ಜಾರುತ್ತದೆ.

ನನ್ನನ್ನು ಕೊರೆಯುವುದು ಆ ಜಾರುವಿಕೆ. ಓತ್ಲಾ ಹೊಡೆದ ಹುಡುಗನ ಬಗ್ಗೆ ಐದು ನಿಮಿಷ ಜಗಳವಾಡುವ ನಾವು, ಹೆತ್ತು ಬಂದವಳ ವಿಷಯಕ್ಕೆ ಬಂದರೆ ಪ್ರಶ್ನೆಯನ್ನೇ ಕೇಳುವುದಿಲ್ಲ. ಎಲ್ಲರಿಗೂ ಉತ್ತರ ಮೊದಲೇ ಗೊತ್ತಿರುವ ಹಾಗೆ. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಅನ್ನುವುದಿಲ್ಲ, ಒಂದು ಥರದಲ್ಲಿ ಸಂತೋಷದಿಂದಲೇ ಅನ್ನುತ್ತಾರೆ. ಮದುವೆಯಾಯಿತು, ಮಗುವಾಯಿತು, ಒಳ್ಳೆಯದಾಯಿತು. ಓದು ಎಂಬುದು ಆ ಒಳ್ಳೆಯದು ಬರುವತನಕ ಕಾಲ ಕಳೆಯಲು ಇದ್ದ ಏರ್ಪಾಡು ಎಂದು ನಾವೇ, ಓದಿಸುವವರೇ, ಒಳಗೊಳಗೆ ನಂಬಿದ್ದೇವೆಯೇ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ.

ಇದು ಅಪರೂಪದ ಸಂಗತಿಯೂ ಅಲ್ಲ. ಹದಿನೆಂಟರಿಂದ ಇಪ್ಪತ್ತೊಂದು, ಇಪ್ಪತ್ತೆರಡು ಅಂದರೆ ಡಿಗ್ರಿಯ ವಯಸ್ಸೂ ಹೌದು, ನಮ್ಮ ಕಡೆ ಹುಡುಗಿಯರಿಗೆ ಗಂಡು ನೋಡುವ ವಯಸ್ಸೂ ಹೌದು. ಎರಡೂ ಒಂದರ ಮೇಲೊಂದು ಕೂತಿವೆ. ನಾಲ್ಕನೇ ಸೆಮಿಸ್ಟರಿನ ರಜೆಯಲ್ಲಿ ಮದುವೆ, ಆರನೇ ಸೆಮಿಸ್ಟರಿಗೆ ಏಳು ತಿಂಗಳು. ಕಾನೂನು ಹೇಳುವ ವಯಸ್ಸಿಗೂ ಮುಂಚೆ ಮದುವೆಯಾದವರದ್ದು ಇನ್ನೊಂದು ಕಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐದರಲ್ಲಿ ಒಬ್ಬಳು. ಅವರಲ್ಲಿ ಹೇಗೋ ಹಟ ಹಿಡಿದು ಕಾಲೇಜಿನ ಗೇಟಿನವರೆಗೆ ಬಂದವರು ನಮ್ಮ ಬೆಂಚುಗಳಲ್ಲಿ ಕೂತಿರುತ್ತಾರೆ, ದುಪಟ್ಟಾದೊಳಗೆ ತಾಳಿ ಮರೆಮಾಡಿಕೊಂಡು. ಬಿ.ಎಡ್ ತರಗತಿಗೆ ಹೋದರೆ ಮರೆಮಾಚುವ ಪ್ರಶ್ನೆಯೇ ಇಲ್ಲ. ಅಲ್ಲಿ ಟಿಫಿನ್ ಬಾಕ್ಸ್ ತೆರೆಯುವ ಹೊತ್ತಿಗೆ ಮಾತೆಲ್ಲ ಮಗುವಿನ ಜ್ವರ, ಅತ್ತೆಯ ಮಂಡಿನೋವು, ಲೆಸನ್ ಪ್ಲಾನ್, ಈ ಮೂರರದ್ದೇ.

ವರಾಂಡದ ತುದಿಯಲ್ಲಿ

ಒಂದು ಸೆಮಿಸ್ಟರ್ ಪರೀಕ್ಷೆಯಲ್ಲಿ ನಾನು ರೂಮ್ ಸೂಪರ್‌ವೈಸರ್ ಆಗಿದ್ದೆ. ಹಾಲ್ ಟಿಕೆಟ್ ನೋಡುತ್ತಾ ಸಹಿ ಹಾಕುತ್ತಾ ಬರುವಾಗ ಕಿಟಕಿ ಪಕ್ಕದ ಹುಡುಗಿಯ ಬಳಿ ನಿಂತೆ. ಟಿಕೆಟ್ಟಿನ ಫೋಟೋ ಅಡ್ಮಿಶನ್ ಹೊತ್ತಿನದು, ಎರಡು ಜಡೆ, ಕೆನ್ನೆ ತುಂಬಿದ ಮುಖ. ಬೆಂಚಿನಲ್ಲಿ ಕೂತವಳ ಕೂದಲು ಅರ್ಧ ಉದುರಿ ಹಣೆ ಅಗಲವಾಗಿತ್ತು, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್. ಎರಡು ಸಲ ಹೋಲಿಸಿ ನೋಡಬೇಕಾಯಿತು. "ನಾನೇ ಮೇಡಂ" ಅಂದಳು, ನಗಲಿಲ್ಲ. ವರಾಂಡದ ತುದಿಯಲ್ಲಿ, ಕುಡಿಯುವ ನೀರಿನ ಫಿಲ್ಟರ್ ಪಕ್ಕ, ಅವಳ ತಾಯಿ ಮಗುವನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಕೂತಿದ್ದರು. ಎರಡು ತಿಂಗಳ ಕೂಸು. ಊರಿಂದ ಎರಡು ಬಸ್ಸು ಬದಲಿಸಿ ಬಂದಿದ್ದರಂತೆ. "ಬಸ್ಸು ಫ್ರೀ ಆದಮೇಲೆ ನಾನೂ ಬರೋಕಾಯ್ತು, ಇಲ್ದಿದ್ರೆ ಇಬ್ಬರ ಚಾರ್ಜು ಯಾರು ಕೊಡ್ತಿದ್ರು ಮೇಡಂ" ಎಂದು ಆಮೇಲೆ ಆ ತಾಯಿಯೇ ಹೇಳಿದರು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಬಗ್ಗೆ ಎಷ್ಟೋ ಚರ್ಚೆ ಕೇಳಿದ್ದೇನೆ, ಬಾಣಂತಿಯ ಜೊತೆ ಅಜ್ಜಿಯೂ ಪರೀಕ್ಷೆಗೆ ಬರಬಹುದು ಎಂಬ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿದದ್ದು ಕೇಳಿಲ್ಲ.

ಪೇಪರ್ ಮೂರು ಗಂಟೆಯದು. ಎರಡು ತಿಂಗಳ ಮಗುವಿಗೆ ಎರಡು-ಎರಡೂವರೆ ಗಂಟೆಗೊಮ್ಮೆ ಹಾಲು ಬೇಕು, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ ಇನ್ನೂ ಬೇಗ. ಮೊದಲ ಒಂದು ಗಂಟೆ ಎಲ್ಲ ಸರಿಯಿತ್ತು. ಆಮೇಲೆ ವರಾಂಡದಿಂದ ಸಣ್ಣ ಕೊಸರಾಟದ ದನಿ. ಬೇರೆ ಮೂವತ್ತೊಂಬತ್ತು ಮಂದಿಗೆ ಅದು ಕೇಳಿಸಿತೋ ಇಲ್ಲವೋ, ಅವಳ ಪೆನ್ನು ಮಾತ್ರ ನಿಂತಿತು. ಮತ್ತೆ ಬರೆದಳು. ಮತ್ತೆ ನಿಂತಿತು. ಅಳು ಜೋರಾದಾಗ ಅವಳು ದುಪಟ್ಟಾವನ್ನು ಎದೆಯ ಮೇಲೆ ಎರಡು ಮಡಿಕೆ ಎಳೆದುಕೊಂಡಳು. ಕುರ್ತಾ ಒದ್ದೆಯಾಗಿತ್ತು. ಹೆತ್ತವರಿಗೆ ಗೊತ್ತು, ಅಳು ಕೇಳಿದರೆ ಹಾಲು ತಾನಾಗಿ ಇಳಿಯುತ್ತದೆ, ಅದಕ್ಕೆ ಪ್ರಶ್ನೆಪತ್ರಿಕೆ ಗೊತ್ತಿಲ್ಲ.

ನಾನು ಹೋಗಿ ಬಗ್ಗಿ ಕೇಳಿದೆ. "ಇನ್ನು ಎರಡು ಕ್ವೆಶ್ಚನ್ ಬರೆದು ಹೋಗ್ತೀನಿ ಮೇಡಂ, ಪೇಪರ್ ಕೊಟ್ಟುಬಿಡ್ತೀನಿ" ಅಂದಳು. ಅಂದರೆ ಮೂವತ್ತು ಅಂಕದ ಪ್ರಶ್ನೆಗಳನ್ನು ಬಿಟ್ಟು ಎದ್ದು ಹೋಗುವುದು ಅವಳ ಲೆಕ್ಕ. ಚೀಫ್ ಸೂಪರಿಂಟೆಂಡೆಂಟರಿಗೆ ಹೇಳಿಕಳಿಸಿದೆ. ಅವರು ಬಂದರು, ಗಡಿಯಾರ ನೋಡಿದರು, ವರಾಂಡ ನೋಡಿದರು, "ಟಾಯ್ಲೆಟ್ಟಿಗೆ ಕಳಿಸಿದ ಹಾಗೆ ಕಳಿಸಿ, ಜೊತೆಗೆ ಒಬ್ಬರಿರಲಿ" ಅಂದರು. ಅಟೆಂಡರ್ ಅಕ್ಕ ಲೇಡೀಸ್ ರೂಮಿನ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತರು. ಇವಳ ಆನ್ಸರ್ ಬುಕ್‌ಲೆಟ್ ಬೆಂಚಿನ ಮೇಲೆ ಕವುಚಿ ಬಿದ್ದಿತ್ತು, ಮೇಲೆ ಪೆನ್ನು. ಫ್ಯಾನಿನ ಗಾಳಿಗೆ ಹಾರದಿರಲೆಂದು ನಾನು ಅದರ ಮೇಲೆ ನನ್ನ ಕನ್ನಡಕದ ಡಬ್ಬಿ ಇಟ್ಟೆ. ಕಾಲು ಗಂಟೆ ಹೋಯಿತು. ವಾಪಸ್ ಬಂದವಳು ಬೆವರೊರೆಸಿಕೊಳ್ಳದೆ ಬರೆಯತೊಡಗಿದಳು. ಹೆಚ್ಚಿನ ಸಮಯ ಕೊಡಲು ನಮಗೆ ಅಧಿಕಾರವಿಲ್ಲ, ಕೊಡಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಅವಳು ನನಗೆ ಕೈ ಮುಗಿದಳು. ಚೀಫ್ ಸೂಪರಿಂಟೆಂಡೆಂಟರಿಗೆ ಮುಗಿದಳು, ಅಟೆಂಡರ್ ಅಕ್ಕನಿಗೆ ಮುಗಿದಳು, ನೀರು ಕೊಡುವ ಹುಡುಗನಿಗೂ ಮುಗಿದಳು. ಸ್ಟಾಫ್ ರೂಮಿನಲ್ಲಿ ಆವತ್ತು ನಮಗೆ ನಮ್ಮ ಬಗ್ಗೆಯೇ ಬಹಳ ಮೆಚ್ಚುಗೆ. ಎಷ್ಟು ಮಾನವೀಯತೆ ನೋಡಿ ನಮ್ಮ ಕಾಲೇಜಿನಲ್ಲಿ ಎಂದು ಟೀ ಕುಡಿದೆವು. ನನಗೆ ಆ ಕೈಮುಗಿತ ಗಂಟಲಲ್ಲಿ ಸಿಕ್ಕಿಕೊಂಡಿತು. ಆವತ್ತು ನಡೆದದ್ದೆಲ್ಲ ದಯೆ. ಸ್ಕ್ವಾಡ್ ಬಂದಿದ್ದರೆ? ಚೀಫ್ ಬೇರೆಯವರಾಗಿದ್ದರೆ? ಅಟೆಂಡರ್ ಅಕ್ಕ ರಜೆಯಲ್ಲಿದ್ದಿದ್ದರೆ? ಮುಂದಿನ ಪೇಪರಿಗೆ ಅವಳು ಇನ್ನೊಂದು ರೂಮಿನಲ್ಲಿ ಇನ್ನೊಬ್ಬ ಸೂಪರ್‌ವೈಸರ್ ಎದುರು ಮತ್ತೆ ಮೊದಲಿಂದ ಬೇಡಬೇಕು. ದಯೆ ಒಳ್ಳೆಯದೇ, ಆದರೆ ಅದಕ್ಕೆ ನೆನಪಿನ ಶಕ್ತಿ ಕಡಿಮೆ. ರೂಲ್ ಆದರೆ ಅದು ಯಾರ ಮುಖವನ್ನೂ ನೋಡದೆ ನಾಳೆಯೂ ಇರುತ್ತದೆ.

ಬೋರ್ಡಿನ ಮುಂದೆ ನಿಂತವಳಿಗೆ ಒಂದು, ಬೆಂಚಿನಲ್ಲಿ ಕೂತವಳಿಗೆ ಇನ್ನೊಂದು

ಅದೇ ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತಿರುವ ನನಗೆ ಏನೇನಿದೆ ನೋಡಿ. ಖಾಯಂ ಉಪನ್ಯಾಸಕಿಯಾಗಿ ರಾಜ್ಯ ಸರ್ಕಾರದಿಂದ 180 ದಿನ ಹೆರಿಗೆ ರಜೆ. 2021ರ ಬಜೆಟ್ಟಿನಲ್ಲಿ ಘೋಷಣೆಯಾದ ಆರು ತಿಂಗಳ ಶಿಶುಪಾಲನಾ ರಜೆ ಬೇರೆ. ಖಾಸಗಿ ಕಂಪನಿಯಲ್ಲಿದ್ದಿದ್ದರೆ 1961ರ ಹೆರಿಗೆ ಸೌಲಭ್ಯ ಕಾಯ್ದೆ, ಅದಕ್ಕೆ 2017ರಲ್ಲಿ ಬಂದ ತಿದ್ದುಪಡಿ, ಅದರಂತೆ 26 ವಾರ; 2025ರ ನವೆಂಬರ್‌ನಿಂದ ಅದೆಲ್ಲ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆ ಕಾಯ್ದೆಯಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಸೆಕ್ಷನ್ ಇತ್ತು, ಸಂಹಿತೆಯಲ್ಲೂ ಉಳಿದಿದೆ. ಮಗುವಿಗೆ ಹದಿನೈದು ತಿಂಗಳಾಗುವತನಕ ತಾಯಿಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು. 1961ರಿಂದಲೂ ಇದೆ. ಕಾರ್ಖಾನೆಯ ಮೇಸ್ತ್ರಿಗೆ ಆರು ದಶಕದಿಂದ ಅನ್ವಯವಾಗುವ ಸಂಗತಿ ನಮ್ಮ ಪರೀಕ್ಷಾ ಹಾಲಿನ ಬಾಗಿಲ ಹೊರಗೇ ನಿಂತಿದೆ, ಯಾಕೆಂದರೆ ವಿದ್ಯಾರ್ಥಿನಿ ನೌಕರಳಲ್ಲ. ಐವತ್ತು ಅಥವಾ ಹೆಚ್ಚು ನೌಕರರಿದ್ದಲ್ಲಿ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದೂ 2017ರ ತಿದ್ದುಪಡಿ ಹೇಳಿತ್ತು, ಅದೂ ಸಂಹಿತೆಯಲ್ಲಿ ಉಳಿದಿದೆ. ಸಾವಿರ ಹುಡುಗಿಯರು ಓದುವ ಕಾಲೇಜಿನಲ್ಲಿ ನೌಕರರು ನಲವತ್ತೇ ಇದ್ದರೆ ಆ ಲೆಕ್ಕಕ್ಕೆ ಕಾಲೇಜು ಖಾಲಿ.

ವಿದ್ಯಾರ್ಥಿನಿಯರಲ್ಲೂ ಮೇಲು ಕೀಳು ಇದೆ. ಪಿಎಚ್.ಡಿ ಮಾಡುವವರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2016ರ ನಿಯಮದಲ್ಲೇ ಒಟ್ಟು ಅವಧಿಯಲ್ಲಿ ಒಮ್ಮೆ 240 ದಿನದವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಇತ್ತು, 2022ರ ನಿಯಮದಲ್ಲೂ ಉಳಿದಿದೆ. ಬಿ.ಎ ಎರಡನೇ ವರ್ಷದ ಹುಡುಗಿಗೆ? 2021ರ ಡಿಸೆಂಬರ್‌ನಲ್ಲಿ ಯುಜಿಸಿ ಎಲ್ಲ ಕುಲಪತಿಗಳಿಗೂ ಒಂದು ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಾತಿ ವಿನಾಯಿತಿ, ಪರೀಕ್ಷಾ ಅರ್ಜಿಯ ದಿನಾಂಕ ವಿಸ್ತರಣೆ ಮುಂತಾದ ಅನುಕೂಲಗಳಿಗೆ ಸೂಕ್ತ ನಿಯಮ ಮಾಡಿಕೊಳ್ಳಿ ಎಂದು ಕೋರಿತು. ಕೋರಿತು, ಅಷ್ಟೇ. ಅಂಥ ಪತ್ರ ವಿಶ್ವವಿದ್ಯಾಲಯದಿಂದ ಕಾಲೇಜಿಗೆ, ಪ್ರಿನ್ಸಿಪಾಲರ ಟೇಬಲ್ಲಿನಿಂದ ಕ್ಲರ್ಕಿನ ಫೈಲಿಗೆ, ಫೈಲಿನಿಂದ ಅಟ್ಟಕ್ಕೆ ಹೋಗುವ ದಾರಿ ನಮಗೆಲ್ಲ ಚೆನ್ನಾಗಿ ಗೊತ್ತು.

ಕೋರ್ಟುಗಳು ಹೆಚ್ಚು ಸ್ಪಷ್ಟವಾಗಿ ಮಾತಾಡಿವೆ. ಬಸಿರು, ಹೆರಿಗೆಯ ಕಾರಣ ಬ್ಯಾಕ್‌ಲಾಗ್ ಪರೀಕ್ಷೆ ಬರೆಯಲಾಗದ ಬಿ.ಟೆಕ್ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟ್ 2021ರಲ್ಲಿ, ಪದವಿ ವಿದ್ಯಾರ್ಥಿನಿಯರಿಗೆ ಹೆರಿಗೆಯ ಅನುಕೂಲ ನಿರಾಕರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿ ವಿಶ್ವವಿದ್ಯಾಲಯಕ್ಕೆ ನಿಯಮ ರೂಪಿಸಲು ಸೂಚಿಸಿತು. 2023ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಎಂ.ಎಡ್ ವಿದ್ಯಾರ್ಥಿನಿಯ ಪ್ರಕರಣ ಬಂತು. ಆಕೆ ಕೇಳಿದ್ದು 59 ದಿನದ ರಜೆ. ಓದಿನ ಹಕ್ಕು, ಮಗು ಹೆರುವ ಹಕ್ಕು ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದು ಯಾವ ಪ್ರಜೆಯನ್ನೂ ಒತ್ತಾಯಿಸುವಂತಿಲ್ಲ ಎಂಬ ಅರ್ಥದಲ್ಲಿ ಕೋರ್ಟು ಮಾತಾಡಿ, ಆಕೆಯ ಮನವಿಯನ್ನು ಮತ್ತೆ ಪರಿಶೀಲಿಸಲು ಹೇಳಿತು. ಶಿಕ್ಷಕರ ತರಬೇತಿ ಕೋರ್ಸುಗಳಲ್ಲಿ ಈ ಹಗ್ಗ ಇನ್ನೂ ಬಿಗಿ. ಬಿ.ಎಡ್‌ಗೆ ಎನ್‌ಸಿಟಿಇ (ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಪರಿಷತ್ತು) ನಿಯಮದಂತೆ ತರಗತಿಗೆ ಶೇಕಡಾ 80, ಶಾಲೆಯ ಇಂಟರ್ನ್‌ಶಿಪ್‌ಗೆ ಶೇಕಡಾ 90 ಹಾಜರಾತಿ. ಎಲ್ಲಿ ಮಕ್ಕಳೊಂದಿಗರು ಹೆಚ್ಚು ಇದ್ದಾರೋ ಅಲ್ಲೇ ಕಟ್ಟು ಜಾಸ್ತಿ.

ಕೇರಳ ಇದನ್ನು ಕೋರ್ಟಿಗೆ ಬಿಡಲಿಲ್ಲ. 2023ರ ಜನವರಿಯಲ್ಲಿ ಅಲ್ಲಿನ ಸರ್ಕಾರ ತನ್ನ ಉನ್ನತ ಶಿಕ್ಷಣ ಇಲಾಖೆಯ ಅಡಿಯ ವಿಶ್ವವಿದ್ಯಾಲಯಗಳಲ್ಲಿ ಹದಿನೆಂಟು ತುಂಬಿದ ವಿದ್ಯಾರ್ಥಿನಿಯರಿಗೆ 60 ದಿನದ ಹೆರಿಗೆ ರಜೆ ಕೊಟ್ಟಿತು. ಅರವತ್ತು ದಿನ ಸಾಲದು ಎಂದು ಹೆತ್ತ ಯಾರು ಬೇಕಾದರೂ ಹೇಳುತ್ತಾರೆ, ಆದರೆ ಆ ಅರವತ್ತನ್ನು ಯಾರ ಮುಂದೂ ಕೈಮುಗಿಯದೆ ತೆಗೆದುಕೊಳ್ಳಬಹುದು. ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ ಅಮೆರಿಕದ 1972ರ ಟೈಟಲ್ ನೈನ್ ಕಾನೂನಿನಡಿ ಬಂದ ನಿಯಮಗಳಲ್ಲಿ ನನಗೆ ಇಷ್ಟವಾಗುವ ಒಂದು ಅಂಶ ಇದೆ. ವೈದ್ಯರು ಅಗತ್ಯ ಎಂದಷ್ಟು ದಿನದ ರಜೆ, ಮುಗಿಸಿ ಬಂದಾಗ ಬಿಟ್ಟು ಹೋದ ಸ್ಥಾನದಲ್ಲೇ ಮತ್ತೆ ಕೂರಿಸಬೇಕು.

ಬಿಟ್ಟ ಜಾಗದಲ್ಲೇ ಕೂರುವುದು ನಮ್ಮಲ್ಲಿ ಎಷ್ಟು ಕಷ್ಟ ಎಂದು ಈಚಿನ ವರ್ಷಗಳಲ್ಲಿ ಕಣ್ಣಾರೆ ಕಂಡೆ. 2021-22ರಲ್ಲಿ ಕರ್ನಾಟಕದಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024-25ಕ್ಕೆ ಅದನ್ನು ಬಿಟ್ಟು ಎಸ್‌ಇಪಿಯ (ರಾಜ್ಯ ಶಿಕ್ಷಣ ನೀತಿಯ) ಮೂರು ವರ್ಷದ ಪದವಿಗೆ ಮರಳಿದೆವು. ರಾಜಕೀಯ ಏನೇ ಇರಲಿ, ನಡುವೆ ಬಾಣಂತನಕ್ಕೆ ಹೋದ ಹುಡುಗಿಯ ಪಾಡು ಯೋಚಿಸಿ. ಅವಳು ಹೋಗುವಾಗ ಇದ್ದ ಸಿಲಬಸ್ ಬರುವಾಗ ಇಲ್ಲ, ಅವಳ ಸ್ಕೀಮಿನ ಪಾಠ ಯಾವ ತರಗತಿಯಲ್ಲೂ ನಡೆಯುತ್ತಿಲ್ಲ, ಓಪನ್ ಎಲೆಕ್ಟಿವ್ ಅಂತ ತೆಗೆದುಕೊಂಡ ಪೇಪರಿಗೆ ಈಗ ಸಮ ಯಾವುದು ಎಂದು ಕೇಳಿದರೆ ಕೌಂಟರಿನಲ್ಲಿ "ಯೂನಿವರ್ಸಿಟಿಗೆ ಹೋಗಿ ಕೇಳಮ್ಮ". ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಯೂನಿವರ್ಸಿಟಿಗೆ ಹೋಗಿ ಕೇಳುವುದು. ಪಾಸಾದ ಪೇಪರುಗಳ ಕ್ರೆಡಿಟ್ಟನ್ನು ಖಾತೆಯಂತೆ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್ ಏಳು ವರ್ಷದವರೆಗೂ ಇರುತ್ತದೆ ಎಂದು ಯುಜಿಸಿ ಹೇಳುತ್ತದೆ. ಇರುತ್ತದೆ ನಿಜ. ಅದನ್ನು ಯಾವ ಪೇಪರಿಗೆ ಜಮಾ ಮಾಡಿಕೊಳ್ಳಬೇಕು ಎಂದು ಹೇಳುವ ಮನುಷ್ಯ ಬೇಕಲ್ಲ.

(ಸ್ಕಾಲರ್‌ಶಿಪ್ ಅರ್ಜಿಯ ಆದಾಯ ಪ್ರಮಾಣಪತ್ರ ಅಪ್ಪನದ್ದು ಕೊಡಬೇಕೋ ಗಂಡನದ್ದೋ, ಆಧಾರ್‌ನಲ್ಲಿ ಗಂಡನ ಮನೆಯ ವಿಳಾಸ ಬಂದಿದ್ದರೆ ಏನು, ಮದುವೆಯಾದ ಮೇಲೆ ಹೆಸರು ಬದಲಾಗಿ ಮಾರ್ಕ್ಸ್ ಕಾರ್ಡಿಗೆ ತಾಳೆಯಾಗದಿದ್ದರೆ ಏನು, ಇವನ್ನೆಲ್ಲ ಬರೆಯಲು ಹೊರಟರೆ ಇನ್ನೊಂದು ಬ್ಲಾಗ್ ಬೇಕು.)

ಮೂರು ವರ್ಷದ ಕಂದಕ

ಅಂಗನವಾಡಿ ಇದೆಯಲ್ಲ ಎನ್ನುತ್ತಾರೆ. ಇದೆ. ಈ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅರ್ಧ ಶತಮಾನದಲ್ಲಿ ಅದು ಮಾಡಿದ ಕೆಲಸ ಸಣ್ಣದಲ್ಲ. ಆದರೆ ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕೂ ಮೊದಲಿನ ಮಕ್ಕಳಿಗೆ ಆಹಾರದ ಪೊಟ್ಟಣ ಮನೆಗೆ ಸಿಗುತ್ತದೆ, ಮಗುವನ್ನು ನೋಡಿಕೊಳ್ಳುವ ಕೈ ಸಿಗುವುದಿಲ್ಲ. ಈ ಮೂರು ವರ್ಷ, ಡಿಗ್ರಿಯ ಮೂರು ವರ್ಷ, ಎರಡೂ ಒಂದೇ ಉದ್ದ. ಅಂಗನವಾಡಿ ಬಾಗಿಲು ತೆರೆಯುವ ಹೊತ್ತಿಗೆ ಇವಳ ಬ್ಯಾಚಿನವರು ಕಾನ್ವೊಕೇಶನ್ ಮುಗಿಸಿರುತ್ತಾರೆ.

ಕೂಲಿಯ ಜಾಗಕ್ಕೆ ಬಂದಿರುವ ವಿವೇಕ ಓದಿನ ಜಾಗಕ್ಕೆ ಬಂದಿಲ್ಲ ಎಂಬುದು ನನಗೆ ಬಹಳ ವಿಚಿತ್ರವಾಗಿ ಕಾಣುತ್ತದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಒಂದು ಮಾತು ಸೇರಿತ್ತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಕೂಲಿ ಹೆಂಗಸರಲ್ಲೇ ಒಬ್ಬರನ್ನು ಆ ಮಕ್ಕಳನ್ನು ನೋಡಿಕೊಳ್ಳಲು ಬಿಡಬೇಕು, ಅವರಿಗೂ ಕೂಲಿ ಕೊಡಬೇಕು. ಕೆರೆ ಹೂಳೆತ್ತುವಲ್ಲಿ ಎಷ್ಟು ಪಾಲಿಸಿದರೋ ಬೇರೆ ಮಾತು, ಬರೆದಿಟ್ಟಿದ್ದರಂತೂ ನಿಜ. 2023-24ರ ಬಜೆಟ್ಟಿನಲ್ಲಿ ನಮ್ಮ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುವಿಹಾರ ತೆರೆಯುವುದಾಗಿ ಹೇಳಿತು, ಅದೂ ನರೇಗಾ (ಅದೇ ಉದ್ಯೋಗ ಖಾತ್ರಿ) ಕೂಲಿಕಾರರ ಮಕ್ಕಳಿಗೆ. ಒಳ್ಳೆಯ ಕೆಲಸ. ಆ ಕೂಸಿನ ಮನೆಯ ಮುಂದೆ ಬಸ್ಸು ಕಾಯುತ್ತಾ ನಿಂತ ಹುಡುಗಿಯ ಕೈಯಲ್ಲಿ ಜಾಬ್ ಕಾರ್ಡ್ ಬದಲು ಕಾಲೇಜಿನ ಐಡಿ ಕಾರ್ಡ್ ಇದ್ದರೂ ಅವಳ ಮಗುವನ್ನು ತೆಗೆದುಕೊಳ್ಳಿ ಎಂದು ಒಂದು ಸುತ್ತೋಲೆ ಹೊರಡಿಸಲು ಹೊಸ ಕಟ್ಟಡ ಬೇಕಿಲ್ಲ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಕಮ್ಮಿ ಖರ್ಚಿನಲ್ಲಿ ಆಗಬಹುದಾದದ್ದು ಇದೇ.

ಕಾಲೇಜಿನಲ್ಲೇ ಒಂದು ಶಿಶುವಿಹಾರ ಮಾಡಿ ಎಂದು ಬೇಡಿಕೆ ಇಡುವವರಿದ್ದಾರೆ. ಹನ್ನೊಂದನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಯುಜಿಸಿಯದ್ದೇ ಒಂದು ಡೇ ಕೇರ್ ಯೋಜನೆ ಇತ್ತು, ನೌಕರರ ಮಕ್ಕಳ ಜೊತೆ ವಿದ್ಯಾರ್ಥಿಗಳ ಮಕ್ಕಳಿಗೂ ಎಂದು. ಸಾವಿರಾರು ಮಂದಿ ಓದುವ, ಹಾಸ್ಟೆಲ್ಲು, ಕ್ವಾರ್ಟರ್ಸು ಇರುವ ದೊಡ್ಡ ಕ್ಯಾಂಪಸ್ಸಿಗೆ ಅದು ಸರಿ. ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನ ವಿಷಯದಲ್ಲಿ ನನಗೆ ಅದರ ಮೇಲೆ ನಂಬಿಕೆ ಕಮ್ಮಿ. ಉದ್ಘಾಟನೆಗೆ ಶಾಸಕರು ಬರುತ್ತಾರೆ, ಗೋಡೆಗೆ ಮೊಲ, ಆನೆ ಬರೆಸುತ್ತೇವೆ, ಆಯಾಳ ಸಂಬಳಕ್ಕೆ ಯಾವ ಹೆಡ್ಡಿನಲ್ಲೂ ದುಡ್ಡಿರುವುದಿಲ್ಲ, ಎರಡನೇ ವರ್ಷಕ್ಕೆ ಆ ಕೋಣೆಯಲ್ಲಿ ಎನ್‌ಎಸ್‌ಎಸ್‌ನ ಗುದ್ದಲಿ, ಬುಟ್ಟಿ ಕೂತಿರುತ್ತವೆ. ಹಸುಗೂಸು ಬಿಟ್ಟುಹೋಗುವ ಜಾಗ ಅರೆಬರೆ ಇರುವುದಕ್ಕಿಂತ ಇಲ್ಲದಿರುವುದು ಮೇಲು. ಅದರ ಬದಲು ಬಾಗಿಲಿಗೆ ಒಳಗಿಂದ ಚಿಲಕ ಇರುವ, ಒಂದು ಕುರ್ಚಿ, ಒಂದು ಫ್ಯಾನು, ಕೈ ತೊಳೆಯಲು ನೀರು ಇರುವ ಸಣ್ಣ ಕೋಣೆ ಕೊಡಿ. ಟೈಮ್ ಟೇಬಲ್ ಕಾಲೇಜಿಗೆ ಬಂದ ಮೇಲೆ ಗೊತ್ತಾಗುವ ಬದಲು ಅದನ್ನು ಹದಿನೈದು ದಿನ ಮುಂಚೆ ಕೊಡಿ. "ಇವತ್ತು ಮೂರನೇ ಪೀರಿಯಡ್ ಇಲ್ಲ, ನಾಲ್ಕೂವರೆಗೆ ತಗೋತೀನಿ" ಎಂದು ನಾವು ಸಲೀಸಾಗಿ ಹೇಳುವ ಮಾತಿನ ಹಿಂದೆ ಅತ್ತೆ ಹೊಲಕ್ಕೆ ಹೋಗುವ ಹೊತ್ತು, ಬಸ್ಸಿನ ಹೊತ್ತು, ಮಗುವಿನ ಹಾಲಿನ ಹೊತ್ತು ಎಲ್ಲ ಕುಸಿದು ಬೀಳುತ್ತವೆ. ಇಂಟರ್ನಲ್ ಟೆಸ್ಟಿಗೆ ಎರಡನೇ ಅವಕಾಶ ಇರಲಿ, ಅದಕ್ಕೆ ಪ್ರತಿ ಉಪನ್ಯಾಸಕರ ಬಳಿ ಬೇರೆ ಬೇರೆ ಹೋಗಿ ಮಗು ಹೆತ್ತ ಕಥೆ ಹೇಳುವ ಕೆಲಸ ಇಲ್ಲದಿರಲಿ. ಒಬ್ಬರಿಗೆ ಹೇಳಿದರೆ ಸಾಕು ಎನ್ನುವಂಥ ಒಬ್ಬರು ಇರಲಿ, ಆ ಹೆಸರು ನೋಟಿಸ್ ಬೋರ್ಡಿನಲ್ಲಿ ಇರಲಿ.

"ದೂರಶಿಕ್ಷಣದಲ್ಲಿ ಓದಲಿ ಬಿಡಿ"

ಈ ಸಲಹೆ ಬರುವುದು ಒಳ್ಳೆಯವರಿಂದಲೇ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ 1996ರಿಂದ ಎಷ್ಟೋ ಹೆಣ್ಣುಮಕ್ಕಳಿಗೆ ಡಿಗ್ರಿ ಕೊಟ್ಟಿದೆ, ನನ್ನ ಸ್ವಂತ ಅತ್ತಿಗೆಯೇ ಅಲ್ಲಿ ಎಂ.ಎ ಮಾಡಿದವರು. ಬೇಕಾಗಿ ಅದನ್ನು ಆರಿಸಿಕೊಂಡವರಿಗೆ ಅದು ಚೆನ್ನ. ಆದರೆ ಲ್ಯಾಬ್ ಇರುವ ಸೈನ್ಸ್‌ನವಳನ್ನು ಎಲ್ಲಿಗೆ ಕಳಿಸುತ್ತೀರಿ? ಅದಕ್ಕಿಂತ ಮುಖ್ಯ, ಮನೆಯಲ್ಲಿ ಓದುವುದು ಎಂದರೆ ಏನು ಎಂದು ಗಂಡಸರಿಗೆ ಅರ್ಥಮಾಡಿಸುವುದು ಕಷ್ಟ.

ಮೂರು ಸೆಮಿಸ್ಟರ್ ಬಿಟ್ಟು ಮತ್ತೆ ಬಂದು ಸೇರಿದ ಒಬ್ಬಳು ವಿದ್ಯಾರ್ಥಿನಿ ಲೈಬ್ರರಿಯಲ್ಲಿ ದಿನಾ ಕೂರುತ್ತಿದ್ದಳು. ತರಗತಿ ಮುಗಿದ ಮೇಲೂ ಒಂದು ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋಗುತ್ತಿದ್ದಳು. ಅವಳ ಹುಡುಗನಿಗೆ ಎರಡು ವರ್ಷ, ಊರಲ್ಲಿ ಅತ್ತೆಯ ಬಳಿ. ನಾನು, "ಮಗು ಕಾಯ್ತಿರಲ್ವೇನಮ್ಮ, ನೋಟ್ಸ್ ಫೋಟೋ ಹೊಡ್ಕೊಂಡು ಹೋಗಿ ಮನೇಲಿ ಓದ್ಕೋಬಾರದಾ" ಅಂದೆ. ಅವಳು ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ತಲೆಯೆತ್ತಿದಳು. "ಮನೇಲಿ ಪುಸ್ತಕ ಹಿಡಿದ್ರೆ ಖಾಲಿ ಕೂತಿದಾಳೆ ಅಂತ ಲೆಕ್ಕ ಮೇಡಂ. ನೀರು ಬಂತು ನೋಡು, ಕರೂಗೆ ಹುಲ್ಲು ಹಾಕು, ಅಂತಾರೆ. ಅವರು ಕೆಟ್ಟೋರಲ್ಲ. ಕಣ್ಣೆದುರಿಗೆ ಇದ್ರೆ ಹೇಳ್ತಾರೆ. ಕಾಲೇಜಿಗೆ ಹೋಗಿದಾಳೆ ಅಂದ್ರೆ, ಹೋಗಿದಾಳೆ, ಅಷ್ಟೇ." ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಪಟ್ಟಿ ಇತ್ತು. ಒಂದು ಕಡೆ ಯೂನಿಟ್‌ಗಳ ಹೆಸರು, ಇನ್ನೊಂದು ಕಡೆ ಮಗುವಿನ ಲಸಿಕೆಯ ದಿನಾಂಕ, ನಡುವೆ ಗೆರೆ ಎಳೆದಿರಲಿಲ್ಲ. ಅವಳಿಗೆ ಕಾಲೇಜು ಕೊಡುತ್ತಿದ್ದದ್ದು ನನ್ನ ಪಾಠಕ್ಕಿಂತ ಹೆಚ್ಚಾಗಿ ಆ ಎರಡು ಗಂಟೆಯ ಗೈರುಹಾಜರಿ, ಮನೆಯಿಂದ. ದೂರಶಿಕ್ಷಣದ ಪಾರ್ಸೆಲ್ಲಿನಲ್ಲಿ ಎಲ್ಲ ಬರುತ್ತದೆ, ಅದೊಂದು ಬರುವುದಿಲ್ಲ.

ಇನ್ನೊಂದು ಆಕ್ಷೇಪಣೆ ಸ್ವಲ್ಪ ಖಾರವಾದದ್ದು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೆ ಓದುವಾಗಲೇ ಮದುವೆ ಮಾಡುವ ಅಪ್ಪಂದಿರಿಗೆ ನಾವೇ ಕುಮ್ಮಕ್ಕು ಕೊಟ್ಟ ಹಾಗಲ್ಲವೇ ಎಂದು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಮೀಟಿಂಗಿನಲ್ಲಿ ಕೇಳಿದರು. ಹುಡುಗಿಯರ ಓದಿಗಾಗಿ ಜೀವನವಿಡೀ ದುಡಿದವರು, ಮನೆಮನೆಗೆ ಹೋಗಿ ಅಡ್ಮಿಶನ್ ಮಾಡಿಸಿದವರು, ಹಾಗಾಗಿ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಶೇಕಡಾ 75ರ ಹಾಜರಾತಿ ನಿಯಮ ಓದಿಕೊಂಡು ಮುಹೂರ್ತ ಮುಂದೂಡಿದ ಅಪ್ಪನನ್ನು ನಾನಂತೂ ಕಂಡಿಲ್ಲ. ನಿಯಮ ತಗಲುವುದು ಮದುವೆ ನಿಶ್ಚಯ ಮಾಡಿದವರಿಗಲ್ಲ, ಆ ಮಾತುಕತೆಯಲ್ಲಿ ಕಾಫಿ ಲೋಟ ಹಿಡಿದು ಬಂದು ಹೋದವಳಿಗೆ. ಮದುವೆ ತಡೆಯುವ ಕೆಲಸ ಮದುವೆಗೆ ಮುಂಚೆ ಮಾಡೋಣ. ಮಗು ಹುಟ್ಟಿದ ಮೇಲೆ ಹಾಲ್ ಟಿಕೆಟ್ ತಡೆದರೆ ಅದು ಯಾರಿಗೆ ಪಾಠ?

ಅಪ್ಪಂದಿರು ಯಾವ ಬೆಂಚಿನಲ್ಲಿ?

ಇಷ್ಟು ಹೊತ್ತು ಅಮ್ಮಂದಿರ ಬಗ್ಗೆಯೇ ಬರೆದೆ. ಅದೇ ಬೆಂಚುಗಳಲ್ಲಿ ಅಪ್ಪಂದಿರೂ ಇದ್ದಾರೆ. ಕಡಿಮೆ, ಆದರೆ ಇದ್ದಾರೆ, ವಿಶೇಷವಾಗಿ ಬಿ.ಎಡ್‌ನಲ್ಲಿ, ಎಂ.ಕಾಂನಲ್ಲಿ, ಸಂಜೆ ಕಾಲೇಜಿನಲ್ಲಿ. ಅವರು ಯಾರೆಂದು ನಮಗೆ ಗೊತ್ತೇ ಆಗುವುದಿಲ್ಲ. ಅವರ ಶಾರ್ಟೇಜಿಗೆ ಕಾರಣ ಕೇಳಿದರೆ "ಕೆಲಸ ಸರ್" ಅನ್ನುತ್ತಾರೆ, ನಾವೂ ಒಪ್ಪುತ್ತೇವೆ. ರಾತ್ರಿಯೆಲ್ಲ ಮಗುವಿಗೆ ನೆಬ್ಯುಲೈಸರ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಕೂತಿದ್ದೆ ಎಂದು ಒಬ್ಬ ಹುಡುಗ ನನ್ನ ಬಳಿ ಹೇಳಿದ್ದು ಸೆಮಿನಾರಿಗೆ ಬರದಿದ್ದಕ್ಕೆ ನಾನು ಮೂರು ಸಲ ಕೆದಕಿ ಕೇಳಿದ ಮೇಲೆ. ಹೇಳುವಾಗ ಅವನಿಗೆ ನಾಚಿಕೆ. ಗೆಳೆಯರಿಗೆ ಗೊತ್ತಾದರೆ ನಗುತ್ತಾರೆ ಮೇಡಂ, ಹೇಳಬೇಡಿ ಅಂದ.

ಕೇಂದ್ರ ಸರ್ಕಾರದ ನೌಕರನಿಗೆ ಮಗು ಹುಟ್ಟಿದಾಗ 15 ದಿನದ ಪಿತೃತ್ವ ರಜೆ ಇದೆ. ಓದುವ ಅಪ್ಪನಿಗೆ ಅಷ್ಟನ್ನಾದರೂ ಹಾಜರಾತಿಯಲ್ಲಿ ಕೊಡಿ ಎಂದು ನಾನು ಮೀಟಿಂಗಿನಲ್ಲಿ ಅಂದಾಗ ಇಡೀ ಕೋಣೆ ನಕ್ಕಿತು. ಹದಿನೈದು ದಿನ ಅವನು ಕ್ರಿಕೆಟ್ ಆಡಿಕೊಂಡಿರುತ್ತಾನೆ ಅಂದರು. ಇರಬಹುದು. ಆದರೂ ನನಗೆ ಅದು ಬೇಕು, ಹುಡುಗರ ಮೇಲಿನ ಅನುಕಂಪಕ್ಕೆ ಮಾತ್ರ ಅಲ್ಲ. ನಿಯಮವನ್ನು ತಾಯಿಗೆ ಮಾತ್ರ ಎಂದು ಬರೆದರೆ ಮಗು ಅವಳೊಬ್ಬಳದ್ದು ಎಂದು ಕಾಲೇಜಿನ ಸೀಲು ಬಿದ್ದ ಹಾಗೆ. ಹೆರಿಗೆ, ಹಾಲು ಅವಳದ್ದು, ಅದಕ್ಕೆ ರಜೆಯೂ ಬಿಡುವೂ ಅವಳಿಗೇ ಇರಲಿ. ಜ್ವರ, ಲಸಿಕೆ, ಅಂಗನವಾಡಿಯ ಮೊದಲ ವಾರದ ರಂಪ, ಇವಕ್ಕೆ ಕೊಡುವ ವಿನಾಯಿತಿಯಲ್ಲಿ "ಪೋಷಕ ವಿದ್ಯಾರ್ಥಿ" ಎಂದು ಬರೆಯಬಹುದು. ಇಂಥ ನಿಯಮಗಳಿಗಾಗಿ ನಮ್ಮ ಕಾಲೇಜಿನ ಕಮಿಟಿಗೆ ನಾನು ಕೊಟ್ಟ ಕರಡಿನಲ್ಲಿ ಹಾಗೇ ಬರೆದಿದ್ದೇನೆ. ಕಮಿಟಿಯವರು ಮೊದಲ ಓದಿನಲ್ಲೇ ಅದನ್ನು ಹೊಡೆದು "ವಿದ್ಯಾರ್ಥಿನಿ" ಮಾಡಿದರು, ನಾನು ಎರಡನೇ ಪ್ರತಿಯಲ್ಲಿ ಮತ್ತೆ ಹಳೆಯದನ್ನೇ ಹಾಕಿ ಕೊಟ್ಟೆ. ಈಗ ಅದು ಪ್ರಿನ್ಸಿಪಾಲರ ಟೇಬಲ್ಲಿನ ಮೇಲಿದೆ, ಹಾಲು ಕುಡಿಸುವ ಬಿಡುವಿನ ಸಾಲಿನ ಪಕ್ಕ ಅವರು ಪೆನ್ಸಿಲ್‌ನಲ್ಲಿ "ಯೂನಿವರ್ಸಿಟಿ ಪರ್ಮಿಶನ್?" ಎಂದು ಬರೆದಿದ್ದಾರೆ. ಪರ್ಮಿಶನ್ ಕೇಳುವ ಪತ್ರವನ್ನೂ ನಾನೇ ಟೈಪ್ ಮಾಡಿ, ಯುಜಿಸಿಯ 2021ರ ಪತ್ರದ ಪ್ರತಿ ಲಗತ್ತಿಸಿ ಕೊಟ್ಟಿದ್ದೇನೆ. ಮುಂದಿನ ಸೆಮಿಸ್ಟರಿನ ಪರೀಕ್ಷೆಗೆ ಮುಂಚೆ ಉತ್ತರ ಬರಬೇಕು.